ಸಮಾನಾರ್ಥಕ ಶಬ್ದಗಳ ವಿವೇಚನೆ: ಆಂಗ್ಲಭಾಷಾಭ್ಯಾಸಿಗಳ ಕೋಶವೊಂದರ ವಿಮರ್ಶೆ

ಆಂಗ್ಲಭಾಷೆಯನ್ನು ಅಭ್ಯಸಿಸುವವರಿಗೆ ಕಠಿನಶಬ್ದಗಳಿಂದ ಒದಗುವ ತೊಡಕು ಅಲ್ಪವಾದುದು. ಅವುಗಳ ಅರ್ಥವನ್ನು ಕೋಶದಿಂದ ತಿಳಿಯಬಹುದು. ನಿತ್ಯವ್ಯವಹಾರದ ಸಣ್ಣ ಶಬ್ದಗಳೇ ಅವರನ್ನು ಕೊನೆಯವರೆಗೂ ಕಾಡುತ್ತವೆ. ‘ಸೇ’, ‘ಟೆಲ್’ ಎಂಬೆರಡಕ್ಕೂ ‘ಹೇಳು’ ಎಂದೂ, ‘ಡೂ’, ‘ಮೇಕ್’ ಎಂಬೆರಡಕ್ಕೂ ‘ಮಾಡು’ ಎಂದೂ, ‘ಹಿಯರ್’, ‘ಲಿಸನ್’ ಎಂಬೆರಡಕ್ಕೂ ‘ಕೇಳು’ ಎಂದೂ ಅರ್ಥ ಬರೆದುಕೊಂಡ ವಿದ್ಯಾರ್ಥಿಯು ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟರೆ ಅದು ಅವನ ಅಪರಾಧವಲ್ಲ. ಅರ್ಥವನ್ನು ಮಾತ್ರ ತಿಳಿಸಿ ಪ್ರಯೋಗವನ್ನು ತಿಳಿಸದ ಕೋಶದ ಅಪರಾಧ.

ಇಂತಹ ಶಬ್ದಗಳ ವಿವೇಚನೆಯು ಆಂಗ್ಲರಲ್ಲಿ ಹೊಸದಲ್ಲ. ೧೮೧೬ರಲ್ಲಿ ಜಾರ್ಜ್ ಕ್ರ್ಯಾಬನು ಸಮಾನಾರ್ಥಕ ಶಬ್ದಗಳ ಭೇದವನ್ನು ವಿವರಿಸುವ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ೧೮೫೨ರಲ್ಲಿ ರೋಜೆ ಎಂಬಾತನು ಶಬ್ದಗಳನ್ನು ಭಾವಾನುಸಾರವಾಗಿ ಗುಂಪುಗೂಡಿಸಿದನು. ಭೇದವನ್ನು ಹೇಳುವುದು ಅವನ ಉದ್ದೇಶವಾಗಿರಲಿಲ್ಲ. ೧೯೨೬ರಲ್ಲಿ ಫೌಲರನ ಪ್ರಯೋಗಕೋಶವು ಹೊರಬಂದಿತು. ಇವೆಲ್ಲವೂ ಮುಖ್ಯವಾಗಿ ಆಂಗ್ಲವನ್ನು ಬಲ್ಲವರಿಗಾಗಿಯೇ ರಚಿತವಾದವು. ಪರಭಾಷಿಕನ ಕಷ್ಟವನ್ನು ಕಂಡುಕೊಂಡು ಹೊರಟ ಕೃತಿಗಳಲ್ಲಿ ಪ್ರಮುಖವಾದುದು ಹುಟ್ಟಿದ್ದು ಜಪಾನಿನಲ್ಲಿ. ೧೯೨೨ರಲ್ಲಿ ಅಲ್ಲಿಗೆ ಹೋದ ಹೆರಾಲ್ಡ್ ಪಾಮರನು ಹಾಕಿದ ಅಡಿಪಾಯದ ಮೇಲೆ ಹಾರ್ನ್‌ಬಿ, ಗೇಟನ್‌ಬಿ, ವೇಕ್‌ಫೀಲ್ಡ್ ಎಂಬ ಮೂವರು ರಚಿಸಿದ ಕೋಶವು ೧೯೪೨ರಲ್ಲಿ ಟೋಕಿಯೋ ನಗರದಲ್ಲಿ ಅಚ್ಚಾಯಿತು. ೧೯೪೮ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಹೊಸ ಹೆಸರಿನಿಂದ ಪ್ರಕಟಿಸಿದರು. ಪರಿಷ್ಕಾರಗಳನ್ನು ಹೊಂದುತ್ತ ಅದು ಇಂದಿಗೂ ಪ್ರಚಾರದಲ್ಲಿರುತ್ತದೆ.

ಕ್ರಿಯಾಪದಗಳ ವಾಕ್ಯರಚನೆಯನ್ನು ೨೫ ಬಗೆಗಳಾಗಿ ವಿಂಗಡಿಸಿದುದು ಈ ಕೋಶದ ಪರಮಗುಣ. ನಮ್ಮ ಶಾಸ್ತ್ರಕಾರರು ‘ಆಕಾಂಕ್ಷೆ’ ಎಂದು ಕರೆದುದನ್ನೇ ಇದು ಬೇರೊಂದು ವಿಧದಿಂದ ನಿರೂಪಿಸುತ್ತದೆ. ‘ಟೆಲ್’ ಎಂಬುದು ಕೇಳುವವನನ್ನು ನೇರವಾಗಿ ಕರ್ಮವಾಗಿ ಅಪೇಕ್ಷಿಸುತ್ತದೆ. ‘ಸೇ’ ಎಂಬುದು ‘ಟು’ ಇಲ್ಲದೆ ಅವನನ್ನು ಸೇರಿಸಿಕೊಳ್ಳದು. ಕನ್ನಡದಲ್ಲಿ ‘ಅವನಿಗೆ ಹೇಳಿದನು’ ಎಂಬ ಚತುರ್ಥಿಯೇ ಎರಡು ಕಡೆಗೂ ಸಲ್ಲುವುದರಿಂದ ನಮ್ಮ ವಿದ್ಯಾರ್ಥಿಯು ‘ಟೋಲ್ಡ್ ಟು ಹಿಮ್’ ಎಂದು ಬರೆಯುವನು. ಅದನ್ನು ತಿದ್ದಿದೊಡನೆ ಅದೇ ನ್ಯಾಯದಿಂದ ‘ಸೆಡ್ ಹಿಮ್’ ಎನ್ನುವನು. ರಚನೆಯನ್ನು ತೋರಿಸಿದರೆ ಎರಡು ತಪ್ಪುಗಳೂ ಒಮ್ಮೆಗೇ ನಿವಾರಣೆಯಾಗುತ್ತವೆ.

ಆದರೆ ರಚನೆಯೊಂದರಿಂದಲೇ ಎಲ್ಲವೂ ತೀರ್ಮಾನವಾಗದು. ‘ಡೂ’, ‘ಮೇಕ್’ ಎರಡೂ ಕರ್ಮವನ್ನು ಒಂದೇ ರೀತಿಯಲ್ಲಿ ಪಡೆಯುತ್ತವೆ. ಆದರೂ ಕೆಲಸಕ್ಕೆ ಮೊದಲನೆಯದೇ ಒಪ್ಪುತ್ತದೆ, ತಪ್ಪಿಗೆ ಎರಡನೆಯದೇ ಒಪ್ಪುತ್ತದೆ. ಇಲ್ಲಿ ನಿರ್ಣಾಯಕವಾದುದು ಸಾಹಚರ್ಯ. ಭರ್ತೃಹರಿಯು ವಾಕ್ಯಪದೀಯದಲ್ಲಿ ಅರ್ಥನಿರ್ಣಯದ ಹೇತುಗಳನ್ನು ಗಣಿಸುವಾಗ ಸಾಹಚರ್ಯ, ಪ್ರಕರಣಗಳನ್ನು ಸೇರಿಸಿರುವುದು ಸಕಾರಣವಾಗಿದೆ. ‘ಸೀ’, ‘ವಾಚ್’ ಎಂಬವೂ ಹಾಗೆಯೇ: ಹುಡುಗನು ಓಡುವುದನ್ನು ನೋಡಿದನೆಂಬಲ್ಲಿ ಎರಡರ ರಚನೆಯೂ ಒಂದೇ, ಭೇದವಿರುವುದು ನೋಡುವವನ ಸಂಕಲ್ಪದಲ್ಲಿ.

ಈ ಸಂಕಲ್ಪಭೇದವನ್ನು ಆಂಗ್ಲವನ್ನು ಆಂಗ್ಲದಿಂದಲೇ ವಿವರಿಸುವ ಕೋಶವು ಹಲವು ಮಾತುಗಳಲ್ಲಿ ಹೇಳಬೇಕಾಗುತ್ತದೆ. ಕನ್ನಡಿಗನಿಗಾದರೋ ಅದು ಮಾತೃಭಾಷೆಯಲ್ಲಿಯೇ ಸಿದ್ಧವಾಗಿದೆ. ‘ನನಗೆ ಕೇಳಿಸಿತು’ ಎಂಬುದಕ್ಕೂ ‘ನಾನು ಕೇಳಿದೆನು’ ಎಂಬುದಕ್ಕೂ ಇರುವ ಅಂತರವೇ ‘ಹಿಯರ್’, ‘ಲಿಸನ್’ ಎಂಬವುಗಳ ಅಂತರ. ‘ನನಗೆ ಕಂಡಿತು’, ‘ನಾನು ನೋಡಿದೆನು’ ಎಂಬವು ‘ಸೀ’, ‘ಲುಕ್’ ಎಂಬವಕ್ಕೆ ಬಹುಮಟ್ಟಿಗೆ ಸರಿಹೋಗುತ್ತವೆ. ಈ ಸಾಮ್ಯವು ಸರ್ವತ್ರ ಸಲ್ಲುವುದಿಲ್ಲವೆಂಬುದು ನಿಜ. ಚಲಚ್ಚಿತ್ರವನ್ನು ‘ಸೀ’ ಮಾಡುವವನು ಸಂಕಲ್ಪವಿಲ್ಲದೆ ನೋಡುವವನಲ್ಲ. ಆದರೂ ಮೊದಲ ಹೆಜ್ಜೆಗೆ ಇದಕ್ಕಿಂತ ಉತ್ತಮವಾದ ಊರೆಗೋಲು ದೊರೆಯದು. ಎಲ್ಲ ದೇಶದವರಿಗೂ ಒಂದೇ ಕೋಶವೆಂಬ ಪದ್ಧತಿಯಲ್ಲಿ ಈ ಸಹಾಯವು ವ್ಯರ್ಥವಾಗಿ ಹೋಗುತ್ತದೆ.

ಭೇದಗಳು ಆಂಗ್ಲದ ವೈಚಿತ್ರ್ಯವೆಂದೂ ತಿಳಿಯಲಾಗದು. ಸೀರೆಯನ್ನು ಉಡುವ, ಕುಪ್ಪಸವನ್ನು ತೊಡುವ, ಹೂವನ್ನು ಮುಡಿಯುವ ಕನ್ನಡದ ಮೂರು ಕ್ರಿಯೆಗಳಿಗೂ ಆಂಗ್ಲರಲ್ಲಿ ‘ವೇರ್’ ಒಂದೇ ಸಾಲುತ್ತದೆ. ಭತ್ತ, ಅಕ್ಕಿ, ಅನ್ನಗಳಿಗೆ ‘ರೈಸ್’ ಒಂದೇ. ಪ್ರತಿಯೊಂದು ಭಾಷೆಯೂ ಲೋಕವನ್ನು ತನ್ನ ರೀತಿಯಲ್ಲಿ ವಿಭಾಗಿಸುತ್ತದೆ. ಇದನ್ನು ಅರಿತು, ಹಾರ್ನ್‌ಬಿಯ ರಚನಾಕ್ರಮವನ್ನೂ ಕನ್ನಡದ ಪ್ರಯೋಗಸಾಮ್ಯವನ್ನೂ ಒಂದುಗೂಡಿಸಿ ಬರೆದ ಕೋಶವೇ ಕನ್ನಡ ವಿದ್ಯಾರ್ಥಿಗೆ ನಿಜವಾದ ಉಪಕಾರವನ್ನು ಮಾಡಬಲ್ಲುದು.