ಟೆಫ್ಲಾನ್ ಟೇಪಿಗೆ ಸಲ್ಲದ ಕೀರ್ತಿ

ಪ್ಲಂಬರನ ಚೀಲದಲ್ಲಿರುವ ಬಿಳಿ ಟೇಪಿಗೆ ಇರುವ ಹೆಸರು ಬೇರೆ ಯಾವ ರಿಪೇರಿ ಸಾಮಾನಿಗೂ ಇಲ್ಲ. ನಳ ಸೋರಿದರೂ ಟೇಪು, ಪೈಪು ಸೋರಿದರೂ ಟೇಪು. ಮನೆಯಲ್ಲೇ ಬಿಯರ್ ಮಾಡುವವರ ಕೆಗ್‌ಗೂ ಈ ನಂಬಿಕೆ ಅಂಟಿಕೊಂಡಿದೆ. ಇದು ತಪ್ಪು ನಂಬಿಕೆ. ಅಮೆರಿಕ ಸೇರಿ ಈ ಹವ್ಯಾಸ ಹಿಡಿದ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ 1978ರ ಕಾಯ್ದೆ ಮನೆಬಳಕೆಯ ಬಿಯರ್‌ಗೆ ದಾರಿ ಮಾಡಿಕೊಟ್ಟಿತು. ಇಲ್ಲಿ ಸೊಲ್ಲಾಪುರದ ಪಕ್ಕದ ಕುಂಭಾರಿಯಲ್ಲಿ ಕೂತು ಪರವಾನಗಿ ಇಲ್ಲದೆ ಬಿಯರ್ ಮಾಡಲು ಮಹಾರಾಷ್ಟ್ರದ 1949ರ ಪಾನನಿಷೇಧ ಕಾಯ್ದೆ ಬಿಡುವುದಿಲ್ಲ.

ಹವ್ಯಾಸಿಗಳು ಬಳಸುವ ಕಾರ್ನೀಲಿಯಸ್ ಕೆಗ್ ಮೂಲದಲ್ಲಿ ಬಿಯರಿನದ್ದಲ್ಲ. ಪೆಪ್ಸಿ, ಕೋಕ್ ಕಂಪನಿಗಳ ಷರಬತ್ತು ತುಂಬಲು ಮಾಡಿದ 19 ಲೀಟರಿನ ಸ್ಟೀಲ್ ಪಾತ್ರೆ ಅದು. ಅದರ ಮುಚ್ಚಳವನ್ನು ಅರಿಯಲು ನಮ್ಮ ಗೋಲಿ ಸೋಡಾ ಸಾಕು. ಸೀಸೆಯೊಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಕೆಗ್ಗಿನ ಮೊಟ್ಟೆಯಾಕಾರದ ಮುಚ್ಚಳವೂ ಒಳಗಿನಿಂದಲೇ ಬಾಯಿಗೆ ಕೂರುತ್ತದೆ. ಒತ್ತಡ ಕಡಿಮೆಯಿದ್ದರೆ ಅದು ಸರಿಯಾಗಿ ಕೂರದೆ ಸೋರುತ್ತದೆ. ಆಗ 30 ಪಿಎಸ್‌ಐವರೆಗೆ ಒಮ್ಮೆ ಏರಿಸಿ, ಮುಚ್ಚಳ ಕೂತ ಮೇಲೆ ಇಳಿಸಿದರೆ ಸಾಮಾನ್ಯವಾಗಿ ಮುಗಿಯಿತು.

ಜಗಳವಿರುವುದು ಪೋಸ್ಟ್‌ಗಳ, ಅಂದರೆ ಕೆಗ್ಗಿನ ಮೇಲೆ ಕನೆಕ್ಟರ್ ಕೂರುವ ಎರಡು ಬಾಯಿಗಳ ವಿಷಯದಲ್ಲಿ. ಗ್ಯಾಸ್ ಒಳಹೋಗಲು ಒಂದು, ಬಿಯರ್ ಹೊರಬರಲು ಇನ್ನೊಂದು. ಎರಡೂ ಮರೆಯಿಂದ (ಥ್ರೆಡ್) ಬಿಗಿಯಾಗುವಂಥವು. ಮರೆ ಕಂಡ ಕೂಡಲೇ ಟೇಪ್ ಸುತ್ತುತ್ತಾರೆ. ಆದರೆ ಇಲ್ಲಿ ಗ್ಯಾಸ್ ತಡೆಯುವುದು ಮರೆಯ ಕೆಲಸವೇ ಅಲ್ಲ. ಪೋಸ್ಟ್ ಬಿಚ್ಚಿ ನೋಡಿ. ಕೆಳಗೆ ಕೆಗ್ಗಿನೊಳಗೆ ಇಳಿಯುವ ಕೊಳವೆಯ, ಅಂದರೆ ಡಿಪ್ ಟ್ಯೂಬಿನ ಅಂಚಿನಡಿ ಒಂದು ಸಣ್ಣ ಓ-ರಿಂಗ್ ಇದೆ. ಪೋಸ್ಟ್ ಬಿಗಿದಾಗ ಆ ರಿಂಗ್ ಅದುಮಿಕೊಂಡು ದಾರಿ ಮುಚ್ಚುತ್ತದೆ. ಮರೆಯ ಪಾಲಿಗಿರುವುದು ಅದುಮುವ ಕೆಲಸವಷ್ಟೇ. ಬಿಯರ್ ಕಡೆಯ ಪೋಸ್ಟಿನಲ್ಲಂತೂ ಟೇಪಿನ ವಾದ ಪೂರ್ತಿ ಬಿದ್ದುಹೋಗುತ್ತದೆ. ಅಲ್ಲಿ ರಿಂಗ್ ಸವೆದರೆ ಕೆಗ್ಗಿನ ಮೇಲ್ಭಾಗದ ಗ್ಯಾಸ್ ಟ್ಯೂಬಿನ ಪಕ್ಕದಿಂದ ನುಸುಳಿ, ಏರಿಬರುವ ಬಿಯರನ್ನೇ ಸೇರುತ್ತದೆ. ಲೋಟದಲ್ಲಿ ಬರೀ ನೊರೆ. ಹೊರಗೆ ಮರೆಗೆ ಸುತ್ತಿದ ಟೇಪು ಈ ಒಳಗಿನ ದಾರಿಯನ್ನು ಮುಟ್ಟುವುದೂ ಇಲ್ಲ.

"ನಾನು ಸುತ್ತಿದೆ, ಸೋರುವುದು ನಿಂತಿತು" ಎನ್ನುವವರಿದ್ದಾರೆ. ನಿಂತಿರಬಹುದು. ಟೇಪ್ ಸುತ್ತಲು ಪೋಸ್ಟ್ ಬಿಚ್ಚಿದಿರಿ, ಕಸ ಒರೆಸಿದಿರಿ, ಮತ್ತೆ ಬಿಗಿಯಾಗಿ ಕೂರಿಸಿದಿರಿ. ರಿಂಗ್ ಹೊಸದಾಗಿ ಕೂತಿತು. ಹೆಸರು ಮಾತ್ರ ಟೇಪಿಗೆ ಹೋಯಿತು. ಟೇಪಿಗೂ ಜಾಗವಿದೆ: ರೆಗ್ಯುಲೇಟರಿನ ಮೈಗೆ ಮೀಟರ್ ಕೂರುವ ಚೂಪುಮರೆಯಂಥ ಕಡೆ ಅದು ಬೇಕೇ ಬೇಕು. ಕೆಗ್ಗಿನ ಮೇಲೆ ಬೇಡ.

ಮೀಟರಿನ ಮುಳ್ಳು ನಂಬುವವರೊಂದಿಗೂ ನನಗೆ ತಕರಾರಿದೆ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬೆಳಗ್ಗೆ ಮುಳ್ಳು ಇಳಿದಿದ್ದರೆ ಕೆಗ್ ಸೋರುತ್ತಿದೆ ಎಂದು ತೀರ್ಪು ಕೊಡುತ್ತಾರೆ. ಹೊಸದಾಗಿ ತುಂಬಿದ ತಣ್ಣನೆಯ ಬಿಯರ್ ಗ್ಯಾಸನ್ನು ಕುಡಿಯುತ್ತದೆ, ಕುಡಿಯಲೇಬೇಕು. 4 ಡಿಗ್ರಿಯಲ್ಲಿ ಸುಮಾರು 12 ಪಿಎಸ್‌ಐ ಕೊಟ್ಟರೆ ತನ್ನ ಗಾತ್ರದ ಎರಡೂವರೆ ಪಟ್ಟು ಗ್ಯಾಸ್ ಹಿಡಿಯುವವರೆಗೂ ಅದರ ದಾಹ ತೀರದು. ಮುಳ್ಳು ಇಳಿಯುವುದು ಆ ಲೆಕ್ಕಕ್ಕೆ. ಸೋರಿಕೆಯನ್ನು ಮುಳ್ಳಿನಿಂದಲೇ ಅಳೆಯುವುದಾದರೆ ಖಾಲಿ ಕೆಗ್ಗಿನಲ್ಲಿ ಅಳೆಯಬೇಕು. ಒಳ್ಳೆಯ ಪಾತ್ರೆಯ ರಿಂಗುಗಳನ್ನೆಲ್ಲ ಈ ತಪ್ಪು ತೀರ್ಪಿನ ಮೇಲೆ ಬದಲಿಸಿದವರು ಅನಾವಶ್ಯಕವಾಗಿ ದುಡ್ಡು ಕಳೆದುಕೊಂಡರು.

ಯಾರೂ ಮೆಚ್ಚಿ ಮಾತಾಡದ ಪದ್ಧತಿಯೊಂದಿದೆ, ಸೋಪಿನ ನೀರು. ಕುಂಭಾರಿಯಲ್ಲಿ ಅಡುಗೆ ಸಿಲಿಂಡರ್ ತರುವವನು ಬಾಯಿಗೆ ನೀರು ಹಾಕಿ ಗುಳ್ಳೆ ನೋಡುತ್ತಾನೆ, ರಿಂಗ್ ಕೆಟ್ಟಿದ್ದರೆ ಕಿತ್ತು ಹೊಸದು ಕೂರಿಸುತ್ತಾನೆ. ಅವನು ಟೇಪ್ ಸುತ್ತುವುದನ್ನು ನಾನು ಕಂಡಿಲ್ಲ. ಕೆಗ್ಗಿಗೂ ಇದೇ ದಾರಿ. ಪೋಸ್ಟಿನ ನಡುವೆ ಗುಳ್ಳೆ ಬಂದರೆ ಒಳಗಿನ ಪಾಪೆಟ್ ಎಂಬ ಸಣ್ಣ ವಾಲ್ವ್ ಕೆಟ್ಟಿದೆ. ಬುಡದಲ್ಲಿ ಬಂದರೆ ಡಿಪ್ ಟ್ಯೂಬಿನ ರಿಂಗ್. ಕನೆಕ್ಟರ್ ಹಾಕಿದಾಗ ಮಾತ್ರ ಬಂದರೆ ಪೋಸ್ಟಿನ ಹೊರ ರಿಂಗ್. ಹೀಗೆ ಕಾಯಿಲೆಯ ಜಾಗವನ್ನೇ ತೋರಿಸುವ ಪರೀಕ್ಷೆಯನ್ನು ಬಿಟ್ಟು ಟೇಪಿಗೆ ಜೈ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ರಿಂಗಿಗೆ ಆಹಾರಕ್ಕೆ ನಡೆಯುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ವ್ಯಾಸಲೀನ್ ಬೇಡ. ಕೆಲವು ರಬ್ಬರ್ ಅದರಿಂದ ಉಬ್ಬುತ್ತದೆ. ಪರೀಕ್ಷೆ ಮುಗಿದ ಮೇಲೆ ಸೋಪನ್ನು ಚೆನ್ನಾಗಿ ತೊಳೆಯಿರಿ. ಪೋಸ್ಟ್ ಬಿಚ್ಚುವ ಮೊದಲು ಮಾತ್ರ ಮುಚ್ಚಳದ ವಾಲ್ವ್ ಎಳೆದು ಒತ್ತಡವನ್ನೆಲ್ಲ ಬಿಟ್ಟುಬಿಡಿ. ಒತ್ತಡ ತುಂಬಿದ ಕೆಗ್ಗಿನ ಪೋಸ್ಟ್ ಕೈಯಲ್ಲಿ ಬಿಚ್ಚಿಕೊಂಡರೆ ಗುಂಡಿನಂತೆ ಮುಖಕ್ಕೆ ಹಾರುತ್ತದೆ.