ಭಯಾನಕಾಭಾಸ ವಿಚಾರ: ಫ್ರಾಂಕೆನ್‌ಸ್ಟೈನ್ ಚಿತ್ರಗಳೂ ಅವುಗಳ ವಿಡಂಬನಗಳೂ

ಶೃಂಗಾರದ ಅನುಕೃತಿಯಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಅಭಿನವಗುಪ್ತಾಚಾರ್ಯರು ಈ ಮಾತನ್ನು ವಿಸ್ತರಿಸಿ, ಆಭಾಸವು ಸಕಲ ರಸಗಳಿಗೂ ಉಂಟೆಂದೂ, ಅನೌಚಿತ್ಯದಿಂದ ಪ್ರವರ್ತಿಸಿದುದೆಲ್ಲವೂ ಹಾಸ್ಯಕ್ಕೆ ವಿಭಾವವಾಗಬಲ್ಲುದೆಂದೂ ಪ್ರತಿಪಾದಿಸಿದರು. ಹೀಗಿರಲಾಗಿ, ಭಯಾನಕದ ವಿಡಂಬನವು ಮೂಲದ ರಸವನ್ನು ಕೆಡಿಸುವುದೋ, ಅಥವಾ ಮೂಲದಲ್ಲಿ ಗೂಢವಾಗಿದ್ದುದನ್ನು ಬೆಳಗುವುದೋ ಎಂಬುದು ವಿಚಾರಾರ್ಹವಾದ ವಿಷಯ. ಇದಕ್ಕೆ ಲಕ್ಷ್ಯವನ್ನು ಅರಸುವವರಿಗೆ ಅಮೆರಿಕಾ ದೇಶದ ಮೂರು ಚಲಚ್ಚಿತ್ರಗಳು ಸಾಕು.

ಮೇರಿ ಶೆಲ್ಲಿಯ 1818ರ ಕಾದಂಬರಿಯನ್ನು ಆಧರಿಸಿ ಯೂನಿವರ್ಸಲ್ ಸಂಸ್ಥೆಯು 1931ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಎಂಬ ಚಿತ್ರವನ್ನು ಹೊರತಂದಿತು. ನಿರ್ದೇಶಕನು ಜೇಮ್ಸ್ ವೇಲ್. ಶವಗಳ ಅಂಗಾಂಗಗಳನ್ನು ಜೋಡಿಸಿ ನಿರ್ಮಿಸಿದ ಕೃತಕಪುರುಷನ ಪಾತ್ರವನ್ನು ಬೋರಿಸ್ ಕಾರ್ಲಾಫ್ ವಹಿಸಿದನು. ಚಪ್ಪಟೆಯಾದ ನೆತ್ತಿ, ಭಾರವಾದ ರೆಪ್ಪೆಗಳುಳ್ಳ ಆ ಮುಖವನ್ನು ರಚಿಸಿದವನು ಪ್ರಸಾಧಕ ಜ್ಯಾಕ್ ಪಿಯರ್ಸ್. ಆರಂಭದಲ್ಲಿಯೇ ಒಬ್ಬನು ತೆರೆಯ ಹಿಂದಿನಿಂದ ಬಂದು, ಮುಂದೆ ಕಾಣಲಿರುವುದು ಭೀತಿಯನ್ನುಂಟುಮಾಡೀತೆಂದು ಪ್ರೇಕ್ಷಕರನ್ನು ಎಚ್ಚರಿಸುವನು. ಇದು ಭಯಾನಕಕ್ಕೆ ತಕ್ಕ ಪ್ರರೋಚನೆಯೇ ಸರಿ.

ಆದರೆ ಈ ಚಿತ್ರದಲ್ಲಿ ಭಯಾನಕವು ಏಕಾಕಿಯಲ್ಲ. ಸರೋವರದ ತೀರದಲ್ಲಿ ಪುಟ್ಟ ಬಾಲಿಕೆಯೊಬ್ಬಳು ಕೃತಕಪುರುಷನಿಗೆ ಹೂಗಳನ್ನು ಕೊಡುವಳು. ಇಬ್ಬರೂ ಅವುಗಳನ್ನು ನೀರಿನಲ್ಲಿ ತೇಲಿಬಿಟ್ಟು ನಲಿಯುವರು. ಹೂಗಳು ಮುಗಿದಾಗ ಅವನು, ಅವಳೂ ತೇಲುವಳೆಂದು ಭ್ರಮಿಸಿ, ಅವಳನ್ನೇ ನೀರಿಗೆ ಎಸೆಯುವನು. ಅವಳು ಮುಳುಗಲು ದಿಗ್ಭ್ರಾಂತನಾಗುವನು. ಮುಂದಿನ ಪ್ರದರ್ಶನಗಳಿಗಾಗಿ ಈ ಭಾಗವನ್ನು ಕತ್ತರಿಸಿದರು. ಅವನು ಕೈ ಚಾಚಿದಲ್ಲಿಗೇ ದೃಶ್ಯವು ನಿಂತಿತು. 1980ರ ದಶಕದಲ್ಲಿ ಅದನ್ನು ಪುನಃ ಸೇರಿಸುವವರೆಗೆ, ಅಜ್ಞಾನದಿಂದಾದ ಕೃತ್ಯವನ್ನು ಪ್ರೇಕ್ಷಕರು ಕ್ರೌರ್ಯವೆಂದು ಊಹಿಸುವಂತಾಯಿತು. ವಿಭಾವದ ಒಂದಂಶವು ಲೋಪವಾಗಲು ಕರುಣವು ಬೀಭತ್ಸವಾಗಿ ತೋರಿತೆಂಬುದು ಗಮನಿಸತಕ್ಕ ಸಂಗತಿ. ಜನಕನು ತಾನು ಸೃಜಿಸಿದವನನ್ನು ತ್ಯಜಿಸಿದುದೇ ಈ ಕರುಣಕ್ಕೆ ಮೂಲ.

ಇನ್ನು ವಿಡಂಬನಗಳು. 1948ರಲ್ಲಿ ಅದೇ ಯೂನಿವರ್ಸಲ್ ಸಂಸ್ಥೆಯು ಅಬಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯನಟರಿಬ್ಬರನ್ನು ತನ್ನ ವಿಕೃತಸತ್ತ್ವಗಳೊಡನೆ ಸೇರಿಸಿ ಒಂದು ಚಿತ್ರವನ್ನು ನಿರ್ಮಿಸಿತು. ನಿರ್ದೇಶಕನು ಚಾರ್ಲ್ಸ್ ಬಾರ್ಟನ್. 1931ರಲ್ಲಿ ಡ್ರ್ಯಾಕುಲನಾಗಿದ್ದ ಬೆಲಾ ಲುಗೋಸಿಯೇ ಇಲ್ಲಿಯೂ ಆ ರಕ್ತಪಾಯಿಯಾಗಿ, ಪೂರ್ವದ ಗಾಂಭೀರ್ಯವನ್ನು ಬಿಡದೆ ಅಭಿನಯಿಸಿರುವನು. ಶವಪೆಟ್ಟಿಗೆಯ ಮುಚ್ಚಳವು ತೆರೆಯುವುದನ್ನು ಕಾಸ್ಟೆಲೊ ಕಾಣುವನು. ಅಬಟ್ ಬರುವಷ್ಟರಲ್ಲಿ ಏನೂ ಇರುವುದಿಲ್ಲ. ಗೆಳೆಯನನ್ನು ಕೂಗಲೆಳಸಿದರೆ ಸ್ವರವೇ ಹೊರಡದು. ಕಂಪ, ಸ್ವರಭೇದ ಮೊದಲಾದ ಭಯಾನಕದ ಅನುಭಾವಗಳೆಲ್ಲವೂ ಇಲ್ಲಿವೆ. ಅತಿಯಾದುದರಿಂದ ನಗೆಯನ್ನು ತರುತ್ತವೆ. ಆಲಂಬನವು ಗಂಭೀರ, ಆಶ್ರಯವು ಹಾಸ್ಯಾಸ್ಪದ. ಚಿತ್ರದ ಯಶಸ್ಸು ಈ ವಿಭಾಗದಲ್ಲಿಯೇ ಇದೆ. ಕೃತಕಪುರುಷನೇ ಕಾಸ್ಟೆಲೊನನ್ನು ಕಂಡು ಬೆದರುವ ಒಂದು ಪ್ರಸಂಗದಲ್ಲಿ ಮಾತ್ರ ಈ ಕಟ್ಟು ಸಡಿಲವಾಗಿದೆ. ಕ್ಷಣಕಾಲ ನಗೆ ಬಂದರೂ, ಭಯಹೇತುವೇ ಭೀತವಾದ ಬಳಿಕ ಹಾಸ್ಯಕ್ಕೆ ಆಧಾರವೆಲ್ಲಿ?

ಮೆಲ್ ಬ್ರೂಕ್ಸನು 1974ರಲ್ಲಿ ನಿರ್ದೇಶಿಸಿದ ‘ಯಂಗ್ ಫ್ರಾಂಕೆನ್‌ಸ್ಟೈನ್’ ಇದಕ್ಕಿಂತಲೂ ಸೂಕ್ಷ್ಮವಾದುದು. ವರ್ಣಚಿತ್ರಗಳ ಕಾಲದಲ್ಲಿಯೂ ಇದನ್ನು ಕಪ್ಪುಬಿಳುಪಿನಲ್ಲಿಯೇ ತೆಗೆದರು. ಮೂಲಚಿತ್ರಕ್ಕಾಗಿ ಕೆನೆತ್ ಸ್ಟ್ರಿಕ್‌ಫಾಡನ್ ರಚಿಸಿದ್ದ ವಿದ್ಯುದ್ಯಂತ್ರಗಳನ್ನೇ ತಂದು ಪ್ರಯೋಗಶಾಲೆಯಲ್ಲಿ ನಿಲ್ಲಿಸಿದರು. ಮೂಲದ ಹೊರರೂಪವನ್ನು ಇಷ್ಟು ಶ್ರದ್ಧೆಯಿಂದ ಕಾಪಾಡಿದುದು ಅವಹೇಳನದ ಲಕ್ಷಣವಲ್ಲ. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಕುರುಡ ಸನ್ಯಾಸಿಯೊಬ್ಬನು ಕೃತಕಪುರುಷನಿಗೆ ಆತಿಥ್ಯಮಾಡಿ ಸ್ನೇಹವೆಂಬ ಮಾತನ್ನು ಕಲಿಸುವನು. ಬ್ರೂಕ್ಸನ ಚಿತ್ರದ ಸನ್ಯಾಸಿಯೂ ಅದೇ ವಾತ್ಸಲ್ಯದಿಂದ ಬಡಿಸಹೊರಟು, ಬಿಸಿ ಸಾರನ್ನು ಅತಿಥಿಯ ತೊಡೆಯಮೇಲೆ ಸುರಿದು, ಚುಟ್ಟದ ಬದಲು ಅವನ ಹೆಬ್ಬೆರಳಿಗೆ ಬೆಂಕಿ ಹಚ್ಚುವನು. ಸದ್ಭಾವವು ಕಿಂಚಿತ್ತೂ ಕುಂದಿಲ್ಲ. ಕ್ರಿಯೆ ಮಾತ್ರ ವಿಪರೀತವಾಗಿದೆ.

ಕಥಾನಾಯಕನು ಮೂಲವಿಜ್ಞಾನಿಯ ಮೊಮ್ಮಗ. ಅಜ್ಜನ ಅಪಕೀರ್ತಿಗೆ ನಾಚಿ, ಮನೆತನದ ಹೆಸರನ್ನು ‘ಫ್ರಾಂಕನ್‌ಸ್ಟೀನ್’ ಎಂದು ತಿರುಚಿ ಉಚ್ಚರಿಸುತ್ತಿರುವನು. ಮೊದಮೊದಲು ಇದು ಬರಿಯ ಪರಿಹಾಸವೆಂದು ತೋರುವುದು. ಮುಂದೆ ಅವನು ಕೃತಕಪುರುಷನೊಡನೆ ಒಂದೇ ಕೋಣೆಯಲ್ಲಿ ತನ್ನನ್ನು ಕೂಡಿಹಾಕಿಸಿಕೊಂಡು, ಹೆದರುತ್ತಲೇ ಅವನನ್ನು ಹೊಗಳಿ, ಕಡೆಗೆ ಮಗುವನ್ನು ಸಂತೈಸುವಂತೆ ಅಪ್ಪಿಕೊಳ್ಳುವನು. ಆಗ ಹೊರಗಿನವರು ತಿರುಚಿದ ಹೆಸರಿನಿಂದ ಕರೆಯಲು, ತನ್ನ ಹೆಸರು ಫ್ರಾಂಕೆನ್‌ಸ್ಟೈನ್ ಎಂದು ಗರ್ಜಿಸುವನು. ಸೃಷ್ಟಿಯನ್ನು ಅಂಗೀಕರಿಸಿದವನಿಗೆ ಸ್ವನಾಮದ ಅಂಗೀಕಾರವೂ ಒದಗಿತು. 1931ರ ಜನಕನು ಮಾಡದೆ ಬಿಟ್ಟ ಕರ್ತವ್ಯವನ್ನು ನಾಲ್ಕು ದಶಕಗಳ ತರುವಾಯ ಒಂದು ಹಾಸ್ಯಚಿತ್ರವು ನೆರವೇರಿಸಿದೆ. ಉತ್ತರಭಾಗದ ಕೆಲವು ಶೃಂಗಾರಪ್ರಸಂಗಗಳು ಗ್ರಾಮ್ಯವಾಗಿವೆಯೆಂಬುದು ನಿಜ. ಆದರೂ ಈ ಗುಣವನ್ನು ಆ ದೋಷವು ಮರೆಸಲಾರದು.

ರಸಾಭಾಸವು ದೋಷವೇ ಆದುದರಿಂದ ವಿಡಂಬನವನ್ನು ಮೂಲದೊಡನೆ ಅಭ್ಯಾಸಕ್ಕೆ ತರಬಾರದೆಂಬುದು ಪೂರ್ವಪಕ್ಷ. ಕವಿಯ ಅನವಧಾನದಿಂದ ಬಂದ ಆಭಾಸಕ್ಕೆ ಈ ಮಾತು ಒಪ್ಪುವುದು. ಬುದ್ಧಿಪೂರ್ವಕವಾಗಿ ತಂದ ಆಭಾಸವನ್ನಾದರೋ ಅದರ ಫಲದಿಂದಲೇ ಅಳೆಯಬೇಕು. ಮೂಲದ ಭಯವನ್ನು ನಂಬದೆ ವೇಷವನ್ನು ಮಾತ್ರ ಕದ್ದ ಅಣಕದಲ್ಲಿ ಎರಡು ರಸಗಳೂ ನಷ್ಟವಾಗುವುವು. ಮೂಲವನ್ನು ನಂಬಿದ ವಿಡಂಬನವಾದರೋ ಅದಕ್ಕೆ ಒಂದು ವಿಧದ ವ್ಯಾಖ್ಯಾನವೇ ಆಗುವುದು. ಆದಕಾರಣ ಅಧ್ಯಾಪಕರು 1931ರ ಚಿತ್ರವನ್ನೂ 1974ರ ಚಿತ್ರವನ್ನೂ ಈ ಕ್ರಮದಲ್ಲಿಯೇ, ಒಂದರ ಬೆನ್ನಿಗೊಂದನ್ನು ತೋರಿಸಿದಲ್ಲಿ, ಆಭಾಸವಿಚಾರವು ವಿದ್ಯಾರ್ಥಿಗಳಿಗೆ ಸುಗಮವಾಗುವುದರಲ್ಲಿ ಸಂದೇಹವಿಲ್ಲ.