ದಾಂಪತ್ಯದ ಬಿರುಕು ಮತ್ತು ಸಮಾಜಶಾಸ್ತ್ರದ ವಿವರಣೆಗಳು

ಹಿಂದಿನವರ ಮದುವೆಗಳು ಮುರಿಯುತ್ತಿರಲಿಲ್ಲ. ನಗರಜೀವನ, ಸ್ತ್ರೀಯರ ವಿದ್ಯಾಭ್ಯಾಸ ಹಾಗೂ ಉದ್ಯೋಗಗಳಿಂದಾಗಿ ಇಂದು ಮುರಿಯತೊಡಗಿವೆ ಎಂಬ ಮಾತು ವೇದಿಕೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ಸಮಾಜಶಾಸ್ತ್ರದ ಹೆಸರಿನಲ್ಲಿಯೇ ಹೀಗೆ ಹೇಳುವವರುಂಟು. ಆ ಶಾಸ್ತ್ರದ ಪ್ರಮುಖ ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ, ಅವು ನಮ್ಮ ನಾಡಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದು ವಿಚಾರಣೀಯ.

ಅಮೆರಿಕದ ವಿಲಿಯಂ ಜೆ. ಗೂಡ್ ಅವರ ‘ವರ್ಲ್ಡ್ ರೆವಲ್ಯೂಷನ್ ಅಂಡ್ ಫ್ಯಾಮಿಲಿ ಪ್ಯಾಟರ್ನ್ಸ್’ 1963ರಲ್ಲಿ ಪ್ರಕಟವಾಯಿತು. ಕೈಗಾರಿಕೆ ಮತ್ತು ನಗರಗಳು ಬೆಳೆದಂತೆ ಲೋಕದ ಕುಟುಂಬ ಪದ್ಧತಿಗಳೆಲ್ಲ ದಂಪತಿಪ್ರಧಾನ ಕುಟುಂಬದ ಕಡೆಗೆ ಸಾಗುತ್ತವೆ ಎಂಬುದು ಅವರ ಸಿದ್ಧಾಂತ. ಇಷ್ಟನ್ನೇ ಓದಿದವರು ವಿಚ್ಛೇದನವೂ ಎಲ್ಲೆಡೆ ಏರಲೇಬೇಕೆಂದು ಭಾವಿಸುತ್ತಾರೆ. ಆದರೆ ಗೂಡ್ ಹಾಗೆ ಹೇಳಿಲ್ಲ. ಮೇಜಿ ಯುಗದ ಜಪಾನಿನಲ್ಲಿ ವಿಚ್ಛೇದನ ಅತಿ ಸಾಮಾನ್ಯವಾಗಿತ್ತು. ಅತ್ತೆಮಾವಂದಿರಿಗೆ ಒಗ್ಗದ ಸೊಸೆಯನ್ನು ತವರಿಗೆ ಅಟ್ಟುವುದು ಸುಲಭವಾಗಿತ್ತು. 1898ರ ಸಿವಿಲ್ ಸಂಹಿತೆಯ ತರುವಾಯ, ಕೈಗಾರಿಕೆಗಳು ಬೆಳೆಯುತ್ತಿದ್ದ ದಶಕಗಳಲ್ಲಿಯೇ, ಅದರ ಪ್ರಮಾಣ ಇಳಿಯಿತು. ಬದಲಾವಣೆಯ ದಿಕ್ಕು ಹೊರಟ ಸ್ಥಳವನ್ನು ಅವಲಂಬಿಸಿದೆ ಎಂಬ ಈ ಅರಿವೇ ಗ್ರಂಥದ ಹಿರಿಮೆ. ಆದರೆ ಒಂದೇ ನಾಡಿನಲ್ಲಿ, ಒಂದೇ ಕಾಲದಲ್ಲಿ, ಬೇರೆಬೇರೆ ಜಾತಿಗಳು ಬೇರೆಬೇರೆ ದಿಕ್ಕಿಗೆ ನಡೆದುದಕ್ಕೆ ಅದರಲ್ಲಿ ತಕ್ಕ ಸಮಾಧಾನ ದೊರೆಯುವುದಿಲ್ಲ.

ಆ ಸಮಾಧಾನಕ್ಕಾಗಿ ಎಂ. ಎನ್. ಶ್ರೀನಿವಾಸರ ಕಡೆಗೆ ತಿರುಗಬೇಕು. ಅವರ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ (1942) ಕನ್ನಡ ಜಾತಿಗಳ ವಿವಾಹ ಪದ್ಧತಿಗಳನ್ನು ಕುರಿತದ್ದು. 1952ರಲ್ಲಿ ಹೊರಬಂದ ಕೊಡವರ ಕುರಿತ ಗ್ರಂಥದಲ್ಲಿ ಅವರು ‘ಸಂಸ್ಕೃತೀಕರಣ’ದ ಪರಿಕಲ್ಪನೆಯನ್ನು ಮುಂದಿಟ್ಟರು. ಮೇಲೇರಲು ಬಯಸಿದ ಜಾತಿ ಮೇಲಿನವರ ಆಚಾರಗಳನ್ನು ಅನುಸರಿಸುತ್ತದೆ. ಆಗ ವಿಧವಾವಿವಾಹ, ವಿಚ್ಛೇದನಗಳು ಹೀನವೆನಿಸಿ ಬಿಟ್ಟುಹೋಗುತ್ತವೆ. ಮೇಲೇರಿಕೆಯ ಬೆಲೆಯನ್ನು ತೆರುವವಳು ಹೆಣ್ಣು.

ಇದಕ್ಕೆ ನಮ್ಮ ನುಡಿಯೇ ಸಾಕ್ಷಿ. ‘ವಿಚ್ಛೇದನ’ ಗ್ರಂಥದ, ನ್ಯಾಯಾಲಯದ ಮಾತು. ಒಕ್ಕಲುಮಕ್ಕಳ ಬಾಯಲ್ಲಿ ಇದ್ದುದು ‘ಸೋಡಚೀಟಿ’, ‘ಕೂಡಿಕೆ’, ‘ಉಡಿಕೆ’, ‘ತೆರ’. ವಸ್ತುವಿಲ್ಲದೆ ಇಷ್ಟು ಶಬ್ದಗಳು ಹುಟ್ಟುವುದಿಲ್ಲ. ಬಿಡುಗಡೆ ಪಡೆದವಳು ಅಥವಾ ಗಂಡನನ್ನು ಕಳೆದುಕೊಂಡವಳು ಮತ್ತೆ ಸಂಸಾರ ಹೂಡುವ ಹಾದಿ ಅನೇಕ ಸಮುದಾಯಗಳಲ್ಲಿತ್ತು. ಲಿಂಗಾಯತ ಒಕ್ಕಲುಗಳಲ್ಲಿಯೂ ಉಡಿಕೆ ನಡೆಯುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಬೇಕಿಲ್ಲ. ತೀರ್ಪು ಹೇಳುವ ಪಂಚರು ಗಂಡಸರೇ. ಉಡಿಕೆಯಾದವಳಿಗೆ ಮೊದಲ ಮದುವೆಯ ಮರ್ಯಾದೆಯೂ ಇರುತ್ತಿರಲಿಲ್ಲ. ಆದರೂ ಬಾಗಿಲೊಂದು ತೆರೆದಿತ್ತು.

ಶ್ರೀನಿವಾಸರ ವಿವರಣೆಯ ಕೊರತೆಯೆಂದರೆ, ಅದು ಮಾನಮರ್ಯಾದೆಯನ್ನು ವಿವರಿಸಿದಷ್ಟು ದುಡಿಮೆಯನ್ನು ವಿವರಿಸುವುದಿಲ್ಲ. ಹೊಲದಲ್ಲಿ ದುಡಿಯುವ ಕೈಗೆ ಬೆಲೆಯಿದ್ದಲ್ಲಿ ಗಂಡಿನವರು ತೆರ ಕೊಡುತ್ತಿದ್ದರು. ಆ ಕೈ ಮನೆಯೊಳಗೆ ಸೇರಿದಾಗ ಕೊಡುವವರು ಹೆಣ್ಣಿನವರಾದರು. ವರದಕ್ಷಿಣೆಯ ವಿಷಯದಲ್ಲಿ ಶ್ರೀನಿವಾಸರೇ ಮುಂದೆ ಆಧುನಿಕ ವಿದ್ಯೆ ಹಾಗೂ ಸಂಬಳದ ಉದ್ಯೋಗಗಳ ಕಡೆಗೆ ಬೆರಳು ತೋರಿದರು. ಆದುದರಿಂದ ಸಂಸ್ಕೃತೀಕರಣವೊಂದನ್ನೇ ಮೂಲಕಾರಣವೆನ್ನಲಾಗದು.

ಇನ್ನು ಕಾನೂನು. 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ, 1955ರ ಹಿಂದೂ ವಿವಾಹ ಕಾಯ್ದೆ, ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಎಡೆಮಾಡಿದ 1976ರ ತಿದ್ದುಪಡಿ, ಇವೇ ಮನೆ ಮುರಿದುವೆಂದು ಆಕ್ಷೇಪಿಸುವವರು 1955ರ ಕಾಯ್ದೆಯ 29ನೆಯ ಪ್ರಕರಣವನ್ನು ಗಮನಿಸಬೇಕು: ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಅದು ಉಳಿಸಿಕೊಂಡಿದೆ. ಜನರಲ್ಲಿ ಮೊದಲೇ ಇದ್ದುದನ್ನು ಶಾಸನ ಒಪ್ಪಿಕೊಂಡಿತು.

ಅಂಕಿಸಂಖ್ಯೆಗಳನ್ನು ಓದುವಲ್ಲಿಯೂ ಎಚ್ಚರ ಬೇಕು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ; ವಿಚ್ಛೇದನವಿಲ್ಲದೆ ಬೇರೆಯಾದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ವಿಚ್ಛೇದಿತರ ಸಂಖ್ಯೆ ಮುರಿದ ದಾಂಪತ್ಯಗಳನ್ನೆಲ್ಲ ಎಣಿಸುವುದಿಲ್ಲ; ಮುರಿದುದನ್ನು ಒಪ್ಪಿಸಿಕೊಂಡು ಹೊರಬರಲು ಶಕ್ತರಾದವರನ್ನು ಮಾತ್ರ ಎಣಿಸುತ್ತದೆ. ಉಳಿದವರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ರೂಢಿಯ ಹಳೆಯ ಬಾಗಿಲು ಮುಚ್ಚಿದೆ. ನ್ಯಾಯಾಲಯದ ಹೊಸ ಬಾಗಿಲು ದೂರವಿದೆ. ಗಂಡನ ಮನೆಯಿಲ್ಲ, ತವರಿನಲ್ಲಿ ಹಕ್ಕಿನ ಮಾತಿಲ್ಲ.

ಗೂಡ್ ಅವರಿಂದ ಬದಲಾವಣೆಯ ದಿಕ್ಕು ಒಂದೇ ಅಲ್ಲವೆಂಬುದನ್ನೂ, ಶ್ರೀನಿವಾಸರಿಂದ ಮಡಿವಂತಿಕೆಯ ಹೊರೆ ಯಾರ ಮೇಲೆ ಬೀಳುತ್ತದೆಂಬುದನ್ನೂ ನಾವು ಕಲಿಯಬಹುದು. ಇಬ್ಬರೂ ಮದುವೆ ಬದಲಾದ ಬಗೆಯನ್ನು ಹೇಳುತ್ತಾರೆ. ಎರಡು ಬಾಗಿಲುಗಳ ನಡುವೆ ನಿಂತವಳ ಕಥೆಯನ್ನು ಶಾಸ್ತ್ರ ಇನ್ನೂ ಸಾಕಷ್ಟು ಬರೆದಿಲ್ಲ. ಸ್ತ್ರೀಯರ ವಿದ್ಯೆಯನ್ನು ಸಂಸಾರದ ಶತ್ರುವೆಂದು ಸಾರುವ ಮುನ್ನ ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಳಿ ಕುಳಿತು ಉಡಿಕೆ, ಸೋಡಚೀಟಿಗಳ ನೆನಪನ್ನು ಕೇಳಿ ಬರೆದಿಟ್ಟರೆ ಅದು ಶಾಸ್ತ್ರಕ್ಕೂ ಸಮಾಜಕ್ಕೂ ಸಲ್ಲಿಸಿದ ಸೇವೆಯಾದೀತು.